ನೀರಿನಲ್ಲಿ ನಡೆದದ್ದು ನಡಿಗೆಯಲ್ಲವೇ?

ಶನಿವಾರ ಮಧ್ಯಾಹ್ನ ಮೂರು ಗಂಟೆ. ಮಂಗಳೂರಿನ ಒಂದು ಚಿಕಿತ್ಸಾ ಕೇಂದ್ರದ ನೆಲಮಾಳಿಗೆಯಲ್ಲಿ ಸಣ್ಣದೊಂದು ಕೊಳ. ನಮ್ಮ ಹಳೆಯ ಮನೆಯ ಚಾವಡಿಯಷ್ಟು ದೊಡ್ಡದಿರಬಹುದು. ಉಗುರುಬೆಚ್ಚಗಿನ ನೀರು. ಆಳ ಕಡಿಮೆ ಇರುವ ಬದಿಯಲ್ಲಿ ಎದೆಮಟ್ಟದ ನೀರಿನಲ್ಲಿ ನನ್ನ ತಂಗಿಯ ಮಗ ನಿಂತಿದ್ದಾನೆ. ಎದುರಿಗೆ ಫಿಸಿಯೋಥೆರಪಿ ಮಾಡಿಸುವ ಹುಡುಗಿ. ಅವಳ ಎರಡು ಬೆರಳುಗಳನ್ನು ಹಿಡಿದುಕೊಂಡು ಅವನು ಒಂದು ಹೆಜ್ಜೆ ಇಟ್ಟ. ಮತ್ತೊಂದು ಇಟ್ಟ. ನಾನು ಎಣಿಸಿದೆ, ಒಟ್ಟು ಏಳು ಹೆಜ್ಜೆ. ನಾಲ್ಕು ವರ್ಷದ ಆ ಮಗು ಅದಕ್ಕೆ ಮುಂಚೆ ತನ್ನ ಕಾಲ ಮೇಲೆ ಏಳು ಹೆಜ್ಜೆ ಇಟ್ಟದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ದಂಡೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕುಳಿತಿದ್ದ ನನ್ನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅರ್ಧ ಗಂಟೆಯ ಬಳಿಕ ಮಗುವನ್ನು ಮೇಲಕ್ಕೆತ್ತಿ ಟವೆಲ್ ಸುತ್ತಿ ನೆಲದ ಮೇಲೆ ನಿಲ್ಲಿಸಿದಾಗ ಅವನ ಕಾಲುಗಳು ಎಂದಿನಂತೆ ಕತ್ತರಿಯಾಗಿ ಒಂದನ್ನೊಂದು ದಾಟಿದವು. ಹಿಮ್ಮಡಿ ಮೇಲೆದ್ದಿತು. ತಾಯಿ ಆ ಹುಡುಗಿಯನ್ನು ಕೇಳಿದರು: “ನೀರಿನಲ್ಲಿ ಬಂದದ್ದು ಮೇಲೆ ಬಂದ ಮೇಲೂ ಉಳಿಯುತ್ತದಾ ಮಗಾ?”

ಅವಳು ಸುಳ್ಳು ಹೇಳಲಿಲ್ಲ. “ಸ್ವಲ್ಪ ಹೊತ್ತು ಬಿಗಿತ ಕಡಿಮೆ ಇರ್ತದೆ ಅಮ್ಮ. ಮತ್ತೆ ಮೊದಲಿನ ಹಾಗೇ ಆಗ್ತದೆ. ನಿಧಾನಕ್ಕೆ ನೋಡುವ.”

ಮನೆಗೆ ಬರುವ ದಾರಿಯಲ್ಲಿ ತಾಯಿ ಮಾತಾಡಲಿಲ್ಲ. ಆ ದಿನದಿಂದ ನನ್ನನ್ನೂ ಆ ಪ್ರಶ್ನೆ ಬಿಟ್ಟಿಲ್ಲ. ನೆಲಕ್ಕೆ ಬಂದಾಗ ಉಳಿಯದ ಏಳು ಹೆಜ್ಜೆಗಳಿಗೆ ಬೆಲೆ ಇದೆಯೇ? ಇದ್ದರೆ ಅದು ಎಂಥ ಬೆಲೆ?

ಮೊದಲು ನೀರು ಏನು ಮಾಡುತ್ತದೆ ಎಂದು ನೋಡೋಣ. ನಮ್ಮಲ್ಲಿ ಜಲಚಿಕಿತ್ಸೆ ಎಂದರೆ ಪ್ರಕೃತಿ ಚಿಕಿತ್ಸಾಲಯಗಳ ತಣ್ಣೀರು ಪಟ್ಟಿ, ತೊಟ್ಟಿಸ್ನಾನಗಳು ನೆನಪಿಗೆ ಬರುತ್ತವೆ. ಇದು ಅದಲ್ಲ. ನೀರಿನಲ್ಲಿ ಇಳಿದು ಮೈಯನ್ನು ಆಡಿಸಲು ಕಲಿಯುವ ಕ್ರಮ ಇದು. ಸೊಂಟದವರೆಗಿನ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎದೆಯವರೆಗೆ ಇಳಿದರೆ ಮೂರನೇ ಒಂದು ಪಾಲು, ಕುತ್ತಿಗೆಯವರೆಗೆ ಇಳಿದರೆ ಹತ್ತನೇ ಒಂದು ಪಾಲು ಮಾತ್ರ ಉಳಿಯುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದರಿಂದ ಅಲ್ಲಿ ಬೀಳುವುದೂ ನಿಧಾನ. ನೆಲದ ಮೇಲೆ ಸಮತೋಲ ತಪ್ಪಿದ ಮಗು ತಪ್ಪಿತೆಂದು ತಿಳಿಯುವ ಮೊದಲೇ ಬಿದ್ದಿರುತ್ತದೆ. ನೀರಿನಲ್ಲಿ ವಾಲುತ್ತಿರುವುದು ತಿಳಿಯಲು, ತಿಳಿದು ಸರಿಪಡಿಸಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಇನ್ನು ನೀರು 33 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಬಿಗಿದ ಸ್ನಾಯು ಸಡಿಲವಾಗುತ್ತದೆ. ತಣ್ಣಗಿದ್ದರೆ ಇನ್ನಷ್ಟು ಬಿಗಿಯುತ್ತದೆ. ಬಿಸಿಮಾಡದ ಸಾಮಾನ್ಯ ಈಜುಕೊಳಗಳಿಗೆ ಇಂಥ ಮಕ್ಕಳನ್ನು ಇಳಿಸಿದರೆ ಪ್ರಯೋಜನವಾಗದಿರಲು ಇದೂ ಒಂದು ಕಾರಣ. ಅಪಸ್ಮಾರವಿರುವ, ಉಸಿರಾಟದ ತೊಂದರೆ ಇರುವ ಮಕ್ಕಳನ್ನು ವೈದ್ಯರನ್ನು ಕೇಳದೆ ಇಳಿಸಲೇಬಾರದು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಅಪಸ್ಮಾರ ಅಪರೂಪವಲ್ಲ.

ಸೆರೆಬ್ರಲ್ ಪಾಲ್ಸಿ ಎಂದರೆ ಬೆಳೆಯುತ್ತಿರುವ ಮಿದುಳಿಗೆ ಆದ ಘಾಸಿಯಿಂದ ಚಲನೆಯ ಮೇಲೆ ಹಿಡಿತ ತಪ್ಪುವುದು. ಆ ಘಾಸಿ ಹೆಚ್ಚುತ್ತಾ ಹೋಗುವುದಿಲ್ಲ, ವಾಸಿಯೂ ಆಗುವುದಿಲ್ಲ. ಹುಟ್ಟುವ ಸಾವಿರ ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಇದು ಇರುತ್ತದೆ. 1861ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಲಿಟ್ಲ್ ಇದನ್ನು ಕಷ್ಟದ ಹೆರಿಗೆಗೆ ಜೋಡಿಸಿದ. ಅಂದಿನಿಂದ ಎಷ್ಟೋ ತಾಯಂದಿರು ಆ ಒಂದು ರಾತ್ರಿಯನ್ನೇ ಮತ್ತೆ ಮತ್ತೆ ನೆನೆದು ಕೊರಗಿದ್ದಾರೆ. ಮನೋವಿಶ್ಲೇಷಣೆಗೆ ಹೆಸರಾಗುವ ಮೊದಲು ನರರೋಗ ವೈದ್ಯನಾಗಿದ್ದ ಫ್ರಾಯ್ಡ್ 1897ರಲ್ಲಿ ಬೇರೆಯೇ ಮಾತು ಹೇಳಿದ. ಹೆರಿಗೆ ಕಷ್ಟವಾದದ್ದು ಎಷ್ಟೋ ಸಲ ಕಾರಣವಲ್ಲ. ಗರ್ಭದಲ್ಲೇ ಆಗಿದ್ದ ತೊಂದರೆಯ ಲಕ್ಷಣ ಅದಾಗಿರಬಹುದು ಎಂದು. ಆ ಮಾತನ್ನು ಲೋಕ ಗಂಭೀರವಾಗಿ ತೆಗೆದುಕೊಳ್ಳಲು ಬಹಳ ಕಾಲ ಹಿಡಿಯಿತು. ನಮ್ಮ ಓಣಿಗೆ ಅದು ಇನ್ನೂ ತಲುಪಿಲ್ಲ. “ಗರ್ಭಿಣಿಯಾಗಿದ್ದಾಗ ಬೈಕಿನಲ್ಲಿ ಹೋಗಿದ್ದಳಂತೆ” ಎಂದು ನನ್ನ ತಂಗಿಯ ಬಗ್ಗೆ ಹೇಳಿದವರು ನಮ್ಮ ನೆಂಟರೇ.

ಈ ಕೊರಗಿಗೆ ಒಂದು ಓಟವೂ ಸೇರಿಕೊಳ್ಳುತ್ತದೆ. 2002ರಲ್ಲಿ ಕೆನಡಾದ ಸಂಶೋಧಕರು ನೂರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಒಂದು ನಕ್ಷೆ ಬರೆದರು. ನಡೆಯುವ, ಕೂರುವ, ತೆವಳುವ ಸಾಮರ್ಥ್ಯದಲ್ಲಿ ಒಂದು ಮಗು ಏನನ್ನು ಗಳಿಸಬಲ್ಲುದೋ ಅದರ ಸುಮಾರು ನೂರಕ್ಕೆ ತೊಂಬತ್ತು ಪಾಲು ಐದು ವರ್ಷದೊಳಗೆ ಬಂದುಬಿಡುತ್ತದೆ, ತೊಂದರೆ ಹೆಚ್ಚಿದ್ದಷ್ಟೂ ಅದಕ್ಕಿಂತ ಬೇಗ ಎಂದು ಆ ನಕ್ಷೆ ಹೇಳುತ್ತದೆ. ಹೆತ್ತವರು ಸುಳ್ಳು ಭರವಸೆಗಳಿಗೆ ದುಡ್ಡು ಸುರಿಯದಿರಲೆಂದು, ಮುಂದಿನದನ್ನು ತಿಳಿದು ಸಿದ್ಧರಾಗಲೆಂದು ಬರೆದ ನಕ್ಷೆ ಅದು. ಆದರೆ ಓದಿದ ತಂದೆತಾಯಿಯ ಕಿವಿಗೆ ಬೀಳುವುದು ಒಂದೇ: ಐದು ವರ್ಷ, ಅಷ್ಟರೊಳಗೆ. ತಂಗಿಯ ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಪಕ್ಕ ಒಂದು ವೇಳಾಪಟ್ಟಿ ಬಂತು. ಬೆಳಿಗ್ಗೆ ಕಾಲು ಎಳೆಯುವುದು, ಆಮೇಲೆ ನಿಲ್ಲಿಸುವ ಚೌಕಟ್ಟಿನಲ್ಲಿ ನಲವತ್ತು ನಿಮಿಷ, ಸಂಜೆ ಚೆಂಡಿನ ಮೇಲೆ ಕೂರಿಸುವುದು. ಅವನು ಆಟಿಕೆ ಕಾರನ್ನು ಎಡಗೈಯಲ್ಲಿ ಹಿಡಿದರೆ “ಬಲಗೈಯಲ್ಲಿ ಹಿಡಿ ಮಗಾ” ಎನ್ನುವುದು. ಮಗು ಆಡುವುದನ್ನು ಸುಮ್ಮನೆ ನೋಡುತ್ತಾ ಕುಳಿತವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ನಾನೂ ಇರಲಿಲ್ಲ.

ಆ ಓಟದಲ್ಲೇ ನಾವೊಂದು ತಪ್ಪು ಮಾಡಿದೆವು. ಈಗಿನ ಕೊಳಕ್ಕೆ ಬರುವ ಮೊದಲು, ಅವನಿಗೆ ಎರಡೂವರೆ ವರ್ಷವಾಗಿದ್ದಾಗ, ಇನ್ನೊಂದು ಕಡೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಕತ್ತಿಗೆ ಗಾಳಿ ತುಂಬಿದ ಬಳೆ ಹಾಕಿ ಮೊದಲ ದಿನವೇ ನೀರಿಗಿಳಿಸಿದರು. ಅವನು ಅತ್ತ. ಅಳು ಕಿರುಚಾಟವಾಯಿತು. “ಎಲ್ಲಾ ಮಕ್ಕಳೂ ಅಳ್ತವೆ, ಹತ್ತು ದಿನದಲ್ಲಿ ಸರಿಯಾಗ್ತದೆ, ನೀವು ಹೊರಗೆ ನಿಲ್ಲಿ” ಎಂದರು. ತಂಗಿ ಹೊರಗೆ ನಿಂತಳು. ಕೈ ಬಿಡಿಸಿಕೊಳ್ಳಲು ನೋಡುತ್ತಿದ್ದ ಅವನನ್ನು ಹಿಡಿದುಕೊಳ್ಳಲು ನನ್ನನ್ನು ಕರೆದರು. ನಾನು ಹಿಡಿದೆ. ಅವನ ಒಳ್ಳೆಯದಕ್ಕೆ ಎಂದುಕೊಂಡೇ ಹಿಡಿದೆ. ಆರು ದಿನ ಹೀಗೆ ಮಾಡಿದೆವು. ಏಳನೆಯ ದಿನ ಮನೆಯ ಬಚ್ಚಲುಮನೆಯಲ್ಲಿ ಬಕೆಟಿಗೆ ನೀರು ಬೀಳುವ ಸದ್ದು ಕೇಳಿದರೂ ಅವನು ನಡುಗತೊಡಗಿದ. ಭಯಕ್ಕೆ ಸ್ನಾಯು ಬಿಗಿಯುತ್ತದೆ. ಯಾವುದನ್ನು ಸಡಿಲಿಸಲು ಹೋಗಿದ್ದೆವೋ ಅದನ್ನೇ ನಾವು ಬಿಗಿಮಾಡಿ ತಂದಿದ್ದೆವು. ಆ ಹೆದರಿಕೆ ಹೋಗಲು ಒಂದು ವರ್ಷ ಬೇಕಾಯಿತು.

ಎರಡೂವರೆ ವರ್ಷದ ಮಗುವಿನ ಒಪ್ಪಿಗೆ ಕೇಳಲು ಸಾಧ್ಯವೇ, ಲಸಿಕೆ ಹಾಕಿಸುವಾಗ ಕೇಳುತ್ತೇವೆಯೇ ಎಂದು ಯಾರಾದರೂ ಕೇಳಬಹುದು. ನಾನೂ ಆಗ ಅದನ್ನೇ ಹೇಳಿ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಲಸಿಕೆಗೆ ಮಗುವಿನ ಸಹಕಾರ ಬೇಡ. ಚುಚ್ಚಿದ ಮೇಲೆ ಅದು ತನ್ನ ಕೆಲಸ ತಾನು ಮಾಡುತ್ತದೆ. ಚಲನೆ ಹಾಗಲ್ಲ. ಇನ್ನೊಬ್ಬರು ಆಡಿಸಿದ ಕಾಲು ಆಡಿಸಿದ ಕಾಲೇ ಹೊರತು ಆಡಿದ ಕಾಲಲ್ಲ. ಮಗು ತಾನೇ ಬಯಸಿ ಕೈ ಚಾಚಿದರೆ ಮಾತ್ರ ಮಿದುಳು ಕಲಿಯುತ್ತದೆ. ಹಾಗಿರುವಾಗ ಅವನ ಅಳು ನಮ್ಮ ಚಿಕಿತ್ಸೆಗೆ ಅಡ್ಡ ಬಂದ ಗದ್ದಲವಾಗಿರಲಿಲ್ಲ. ಮಾತು ಬಾರದ ಆ ಮಗು ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಕೊಟ್ಟ ಉತ್ತರ ಅದು. ಅದನ್ನು ಕೇಳಿಸಿಕೊಳ್ಳುವುದು ಬಿಟ್ಟು ದಿನ ಎಣಿಸುತ್ತಾ ಕುಳಿತೆವು.

ಬೇರೆ ದಾರಿ ಇದೆ ಎಂದು ತಿಳಿದದ್ದು ಆಮೇಲೆ. 1949ರಲ್ಲಿ ಲಂಡನ್ನಿನ ಸೌತ್‌ಗೇಟ್‌ನಲ್ಲಿ ಅಂಗವಿಕಲ ಹೆಣ್ಣುಮಕ್ಕಳ ಹ್ಯಾಲಿವಿಕ್ ಎಂಬ ಶಾಲೆ ಇತ್ತು. ಅಲ್ಲಿನ ಹುಡುಗಿಯರಿಗೆ ಈಜು ಕಲಿಸಲು ಬಂದ ಜೇಮ್ಸ್ ಮೆಕ್‌ಮಿಲನ್ ವೈದ್ಯನಲ್ಲ, ದ್ರವಗಳ ಚಲನೆಯನ್ನು ಬಲ್ಲ ಇಂಜಿನಿಯರ್. ಹಾಗಾಗಿ ಅವನು ಈ ಹುಡುಗಿಯರ ಕಾಯಿಲೆ ಏನೆಂದು ಕೇಳುವ ಬದಲು, ಇಂಥ ಆಕಾರದ ಈ ಮೈ ನೀರಿನಲ್ಲಿ ಹೇಗೆ ವರ್ತಿಸುತ್ತದೆ ಎಂದು ಕೇಳಿದ. ಒಂದು ಬದಿ ಬಿಗಿದ ಮೈ ನೀರಿನಲ್ಲಿ ಒಂದು ಕಡೆಗೆ ಉರುಳುತ್ತದೆ. ಹಾಗಾದರೆ ತಲೆ ತಿರುಗಿಸಿ ಆ ಉರುಳನ್ನು ತಡೆಯಲು, ಬೇಕಾದಾಗ ಪೂರ್ತಿ ಉರುಳಿ ಮತ್ತೆ ಬೆನ್ನ ಮೇಲೆ ಬಂದು ಉಸಿರಾಡಲು ಕಲಿಸಬೇಕು. ಅದರಿಂದ ಹುಟ್ಟಿದ ಹತ್ತು ಹಂತಗಳ ಕ್ರಮಕ್ಕೆ ಆ ಶಾಲೆಯ ಹೆಸರೇ ಉಳಿಯಿತು. ಗಾಳಿ ತುಂಬಿದ ಬಳೆ, ಟ್ಯೂಬುಗಳು ಅಲ್ಲಿ ನಿಷಿದ್ಧ. ಪ್ರತಿ ಮಗುವಿಗೆ ಒಬ್ಬರಂತೆ ಜೊತೆಗಾರರಿರುತ್ತಾರೆ. ನೀರಿಗಿಳಿದವರನ್ನು ರೋಗಿ ಎಂದು ಕರೆಯುವುದಿಲ್ಲ, ಈಜುಗಾರ ಎನ್ನುತ್ತಾರೆ. ಮೊದಲ ಪಾಠವೇ ನೀರಿಗೆ ಮನಸ್ಸು ಒಗ್ಗುವುದು. ಮುಖಕ್ಕೆ ನೀರು ತಾಗಿದಾಗ ಬಾಯಲ್ಲಿ ಗಾಳಿ ಊದುವುದು, ಅಷ್ಟೇ. ಅದಕ್ಕೆ ತಿಂಗಳು ಹಿಡಿದರೂ ಅವಸರವಿಲ್ಲ.

ಆ ಹಂತಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ಕೊಳದ ತಳದಲ್ಲಿ ಒಂದು ಆಟಿಕೆ ಹಾಕಿ ಅದನ್ನು ಹೆಕ್ಕಲು ಹೇಳುತ್ತಾರೆ. ಮಗು ಬಗ್ಗುತ್ತದೆ, ಆದರೆ ನೀರು ಮೇಲಕ್ಕೆ ತಳ್ಳುತ್ತದೆ. ತಳಕ್ಕೆ ಹೋಗುವುದು ಎಷ್ಟು ಕಷ್ಟವೆಂದು ಅದಕ್ಕೆ ತಿಳಿಯುತ್ತದೆ. ಹುಟ್ಟಿದಂದಿನಿಂದ ಬೀಳುವುದೊಂದನ್ನೇ ಬಲ್ಲ ಮಗುವಿಗೆ ಎತ್ತಿಹಿಡಿಯುವ ಶಕ್ತಿಯೂ ಲೋಕದಲ್ಲಿದೆ ಎಂದು ಹೀಗೆ ಗೊತ್ತಾಗುವುದು.

ಈ ಕೊಳದ ಹುಡುಗಿ ಮೊದಲ ತಿಂಗಳು ಅವನನ್ನು ನೀರಿಗೆ ಇಳಿಸಲೇ ಇಲ್ಲ. ದಂಡೆಯಲ್ಲಿ ಕುಳಿತು ಅವನ ಜೊತೆ ಚೊಂಬಿನಿಂದ ನೀರು ಹೊಯ್ಯುವ ಆಟ ಆಡಿದಳು. ಕಾಸು ಕೊಟ್ಟು ಆಟ ಆಡಿಸುವುದಾ ಎಂದು ನನ್ನ ಭಾವ ಗೊಣಗಿದ್ದರು.

ಭಾವನ ಗೊಣಗಾಟದಲ್ಲಿ ಅರ್ಥವಿಲ್ಲವೆಂದಲ್ಲ. ನೀರಿನಲ್ಲಿ ಮಾಡುವ ಈ ಅಭ್ಯಾಸದಿಂದ ನೆಲದ ಮೇಲಿನ ನಡಿಗೆ ಎಷ್ಟು ಸುಧಾರಿಸುತ್ತದೆ ಎಂಬುದಕ್ಕೆ ಗಟ್ಟಿಯಾದ ಉತ್ತರ ಸಿಕ್ಕಿಲ್ಲ. ನಡೆದ ಅಧ್ಯಯನಗಳು ಹೆಚ್ಚಾಗಿ ಕಡಿಮೆ ಮಕ್ಕಳ ಮೇಲೆ, ಕಡಿಮೆ ಅವಧಿಗೆ ನಡೆದವು. ಕೆಲವು ಮಕ್ಕಳಿಗೆ ಲಾಭ ಕಂಡಿದೆ, ಅದೂ ಮಿತವಾಗಿ. ಪವಾಡ ನಡೆಯುತ್ತದೆಂದು ಹೇಳಿ ದುಡ್ಡು ಕೇಳುವವರಿಂದ ದೂರವಿರುವುದು ಒಳ್ಳೆಯದು.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್‌ರ ಕತೆ ಇಲ್ಲಿ ನೆನಪಾಗುತ್ತದೆ. 1921ರಲ್ಲಿ, 39ನೆಯ ವಯಸ್ಸಿನಲ್ಲಿ, ಪೋಲಿಯೋ ಎಂದು ಹೇಳಲಾದ ಕಾಯಿಲೆಯಿಂದ ಅವರ ಕಾಲು ಸ್ವಾಧೀನ ತಪ್ಪಿತು. 1924ರಲ್ಲಿ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿನ ಬಿಸಿನೀರಿನ ಬುಗ್ಗೆಗೆ ಹೋದರು. ಸುಮಾರು 31 ಡಿಗ್ರಿಯ ಆ ನೀರಿನಲ್ಲಿ ನಿಲ್ಲಲು, ಕಾಲು ಆಡಿಸಲು ಸಾಧ್ಯವಾಯಿತು. 1926ರಲ್ಲಿ ಆ ಜಾಗವನ್ನೇ ಕೊಂಡರು, ಮರುವರ್ಷ ಅದನ್ನೊಂದು ಪ್ರತಿಷ್ಠಾನವಾಗಿಸಿದರು. ಅವರು ಆಧಾರವಿಲ್ಲದೆ ನಡೆಯಲೇ ಇಲ್ಲ. ಆದರೂ 1945ರಲ್ಲಿ ಸಾಯುವವರೆಗೆ ಅಲ್ಲಿಗೆ ಹೋಗುತ್ತಲೇ ಇದ್ದರು, ಸತ್ತದ್ದೂ ಅಲ್ಲೇ. ಕಾಲು ಬರಲಿಲ್ಲವೆಂದು ತಿಳಿದ ಮೇಲೂ ಮನುಷ್ಯ ನೀರಿಗೆ ಹೋಗುತ್ತಾನಾದರೆ ಅದನ್ನು ವಿಫಲ ಚಿಕಿತ್ಸೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅದೇ ಕೊಳಕ್ಕೆ ಕಪ್ಪು ಜನರ ಮಕ್ಕಳನ್ನು ಚಿಕಿತ್ಸೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಅವರಿಗಾಗಿ ಟಸ್ಕೀಗಿಯಲ್ಲಿ ಬೇರೆ ಪೋಲಿಯೋ ಕೇಂದ್ರ ತೆರೆದದ್ದು 1941ರಲ್ಲಿ. ವಾರ್ಮ್ ಸ್ಪ್ರಿಂಗ್ಸ್ ಪ್ರತಿಷ್ಠಾನ ಹುಟ್ಟಿದ 1927ರಲ್ಲೇ ಇತ್ತ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಲು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಬೇಕಾಯಿತು. ನೀರು ಯಾರ ಭಾರವನ್ನು ಹೊರುವಾಗಲೂ ಭೇದ ಮಾಡುವುದಿಲ್ಲ, ಭೇದವೆಲ್ಲ ದಂಡೆಯದು.

ನಮ್ಮ ದಂಡೆಯೂ ಬಹಳ ಬೇರೆಯಾಗಿಲ್ಲ. ಈ ಕೊಳಕ್ಕೆ ಸುಳ್ಯದ ಕಡೆಯಿಂದ ಒಬ್ಬಾಕೆ ಬರುತ್ತಾಳೆ. ಐದು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತು, ಎರಡು ಬಸ್ಸು ಬದಲಿಸಿ. ಅರ್ಧ ಗಂಟೆಯ ನೀರಿಗೆ ಅವಳಿಗೆ ಇಡೀ ದಿನದ ಬೀಡಿ ಕಟ್ಟುವ ಕೂಲಿ ಹೋಗುತ್ತದೆ. ತಿಂಗಳಿಗೊಮ್ಮೆ ಮಾತ್ರ ಬರುತ್ತಾಳೆ. ಅವಳ ಮುಂದೆ ನಿಂತು “ನಡಿಗೆ ಮುಖ್ಯವಲ್ಲ, ಮಗುವಿನ ಸಂತೋಷ ಮುಖ್ಯ” ಎಂದು ಹೇಳುವ ಧೈರ್ಯ ನನಗಿಲ್ಲ. ಆ ಮಾತು ಹೊರದವರಿಗೆ ಸುಲಭ. ನನ್ನ ತಂಗಿಗೆ ಮೂವತ್ತೆರಡಕ್ಕೇ ಸೊಂಟ ನೋವು. ಮಗ ಈಗ ಹದಿನಾಲ್ಕು ಕಿಲೋ. ಹದಿನಾಲ್ಕು ವರ್ಷವಾಗುವಾಗ ನಲವತ್ತಾಗುತ್ತಾನೆ. ಆಗ ಅವನನ್ನು ಕಕ್ಕಸಿಗೆ ಎತ್ತಿಕೊಂಡು ಹೋಗುವವರು ಯಾರು? ಅವನು ನಡೆಯಲಿ ಎಂದು ಅವಳು ಹಂಬಲಿಸುವುದು ನಾಲ್ಕು ಜನರೆದುರು ಮಾನ ಉಳಿಸಿಕೊಳ್ಳಲು ಮಾತ್ರ ಅಲ್ಲ.

ಆದರೂ ಇಲ್ಲೊಂದು ಮಾತು ಕೇಳಬೇಕು. ನಡೆಯಲಾಗದಿದ್ದರೆ ಬದುಕು ಇಷ್ಟು ಕಷ್ಟವಾಗುವಂತೆ ಮಾಡಿದವರು ಯಾರು? ಊರಿನ ಶಾಲೆಗೆ ಐದು ಮೆಟ್ಟಿಲು. ಬಸ್ಸಿಗೆ ಮೂರು, ಮೊದಲನೆಯದು ಮೊಣಕಾಲೆತ್ತರ. ಕುಕ್ಕರಗಾಲಲ್ಲಿ ಕೂರಲಾಗದವರಿಗೆ ಸಾರ್ವಜನಿಕ ಶೌಚಾಲಯ ಇದ್ದೂ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸೆರೆಬ್ರಲ್ ಪಾಲ್ಸಿಯೂ ಸೇರಿದಂತೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಕಟ್ಟಡ ಮತ್ತು ವಾಹನಗಳು ಎಲ್ಲರಿಗೂ ಎಟಕುವಂತಿರಬೇಕೆಂದು ಹೇಳಿತು. ಐದು ಮೆಟ್ಟಿಲಿನ ಪಕ್ಕ ಒಂದು ಇಳಿಜಾರು ಕಟ್ಟಲು ಎಷ್ಟು ಮೂಟೆ ಸಿಮೆಂಟ್ ಬೇಕು? ಅದನ್ನು ಕಟ್ಟದೆ, ಆ ಖರ್ಚನ್ನು ನಾವು ನಾಲ್ಕು ವರ್ಷದ ಮಗುವಿನ ಕಾಲಿನ ಮೇಲೆ ಹಾಕಿದ್ದೇವೆ. ಅವನು ಐದು ವರ್ಷದೊಳಗೆ ನಡೆಯಲೇಬೇಕು, ಏಕೆಂದರೆ ಶಾಲೆ ತನ್ನ ಮೆಟ್ಟಿಲು ಬದಲಿಸುವುದಿಲ್ಲ. ಆ ಮೂರು ದಿಕ್ಕಿನ ಒತ್ತಡವನ್ನೆಲ್ಲ ಹೊತ್ತುಕೊಂಡು ತಾಯಿ ಕೊಳಕ್ಕೆ ಬಂದಾಗ, ಅವಳಿಗೆ ನೀರು ನೀರಾಗಿ ಕಾಣುವುದಾದರೂ ಹೇಗೆ?

ಅಮೆರಿಕದ ತತ್ವಶಾಸ್ತ್ರಜ್ಞೆ ಈವಾ ಕಿಟ್ಟೆಯವರಿಗೆ ಒಬ್ಬ ಮಗಳಿದ್ದಾಳೆ. ಸೆರೆಬ್ರಲ್ ಪಾಲ್ಸಿಯ ಜೊತೆಗೆ ತೀವ್ರ ಬೌದ್ಧಿಕ ತೊಂದರೆಯೂ ಇರುವವಳು. 1999ರಲ್ಲಿ ಬರೆದ ಪುಸ್ತಕದಲ್ಲಿ ಕಿಟ್ಟೆ ಕೇಳುವ ಪ್ರಶ್ನೆ ಹೀಗಿದೆ: ನಮ್ಮ ನ್ಯಾಯದ ಕಲ್ಪನೆಗಳೆಲ್ಲ ತನ್ನ ಕಾಲ ಮೇಲೆ ತಾನು ನಿಂತ ಮನುಷ್ಯನಿಂದ ಆರಂಭವಾಗುತ್ತವೆ. ಆದರೆ ಹಾಗೆ ನಿಂತವನನ್ನೂ ಒಂದು ಕಾಲದಲ್ಲಿ ಯಾರೋ ಎತ್ತಿಕೊಂಡಿದ್ದರು. ಎತ್ತಿಕೊಂಡವರನ್ನು ನೋಡಿಕೊಳ್ಳುವವರು ಯಾರು? ಇದನ್ನು ಓದಿದಾಗ ನನಗೆ ಬೀಡಿ ಕಟ್ಟುವ ಆ ತಾಯಿಯ ಸೊಂಟ ಕಣ್ಣ ಮುಂದೆ ಬಂತು. ಅವಳಿಗೆ ನಾವು ಕೊಡಬೇಕಾದದ್ದು ಉಪದೇಶವಲ್ಲ. ಬಸ್ಸಿನಲ್ಲಿ ಸೀಟು, ತಾಲೂಕು ಆಸ್ಪತ್ರೆಯಲ್ಲೊಂದು ಬೆಚ್ಚಗಿನ ಕೊಳ, ಆ ದಿನದ ಕೂಲಿ.

ಮೊದಲಿನ ಪ್ರಶ್ನೆಗೆ ಬರುತ್ತೇನೆ. ನೀರಿನಲ್ಲಿ ಇಟ್ಟ ಏಳು ಹೆಜ್ಜೆ ನೆಲಕ್ಕೆ ಬರದಿದ್ದರೆ ಅದಕ್ಕೆ ಬೆಲೆ ಇದೆಯೇ? ಬೇರೆ ಮಕ್ಕಳ ವಿಷಯದಲ್ಲಿ ನಾವು ಹೀಗೆ ಕೇಳುವುದಿಲ್ಲ ಎಂಬುದನ್ನು ಗಮನಿಸಿ. ಪಕ್ಕದ ಮನೆಯ ಹುಡುಗರು ಮಳೆಗಾಲದಲ್ಲಿ ಗದ್ದೆಯ ಕೆಸರು ನೀರಿನಲ್ಲಿ ಹೊರಳಾಡಿ ಬಂದರೆ, ಇದರಿಂದ ಇವರಿಗೆ ಮುಂದೆ ಏನು ಪ್ರಯೋಜನ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಆಟ ಆಟವೇ. ತೊಂದರೆಯುಳ್ಳ ಮಗುವಿನ ಆಟ ಮಾತ್ರ ಏನಕ್ಕಾದರೂ ಉಪಯೋಗಕ್ಕೆ ಬರಬೇಕು, ಅವನ ಬಾಲ್ಯ ಮುಂದೆಂದೋ ಬರಲಿರುವ ನಡಿಗೆಗೆ ಕಟ್ಟುವ ಕಂತು ಆಗಬೇಕು. 2011ರಲ್ಲಿ ಕೆನಡಾದ ಮಕ್ಕಳ ವೈದ್ಯ ಪೀಟರ್ ರೋಸೆನ್‌ಬಾಮ್ ತಮ್ಮ ಸಹೋದ್ಯೋಗಿಯೊಂದಿಗೆ ಸೇರಿ ಇಂಥ ಮಕ್ಕಳ ವಿಷಯದಲ್ಲಿ ಗಮನಿಸಬೇಕಾದ ಆರು ಸಂಗತಿಗಳನ್ನು ಪಟ್ಟಿ ಮಾಡಿದರು: ಮಾಡಬಲ್ಲ ಕೆಲಸ, ಕುಟುಂಬ, ಮೈಕಟ್ಟು, ಮೋಜು, ಗೆಳೆಯರು, ಭವಿಷ್ಯ. ಐದು ವರ್ಷದ ಆ ನಕ್ಷೆಯನ್ನು ಬರೆದ ತಂಡದ ಮುಂದಾಳೂ ಇದೇ ರೋಸೆನ್‌ಬಾಮ್. ನಕ್ಷೆ ನಮ್ಮ ಮನೆಯ ಗೋಡೆಗೆ ಬಂತು, ಮೋಜಿನ ವಿಷಯ ನಮಗೆ ಯಾರೂ ಹೇಳಲಿಲ್ಲ.

ಅವನು ನೆಲದ ಮೇಲೆ ನಡೆಯುವುದನ್ನು ನಾನು ಈಗಲೂ ಬಯಸುತ್ತೇನೆ. ಕಾಲು ಎಳೆಯುವ ವ್ಯಾಯಾಮ ನಿಂತಿಲ್ಲ, ನಿಲ್ಲಿಸಲೂ ಬಾರದು. ಆದರೆ ವಾರದ ಆ ಅರ್ಧ ಗಂಟೆಯನ್ನು ವೇಳಾಪಟ್ಟಿಯಿಂದ ತೆಗೆದು ಬೇರೆ ಇಟ್ಟಿದ್ದೇವೆ. ಅಲ್ಲಿ ನಾವು ಹೆಜ್ಜೆ ಎಣಿಸುವುದಿಲ್ಲ. ಹಾಗೆಂದು ತೀರ್ಮಾನಿಸಿದ್ದೇವೆ, ಭಾವ ಮನಸ್ಸಿನಲ್ಲೇ ಎಣಿಸುತ್ತಿರಬಹುದು.

ಮನೆಯಲ್ಲೂ ಒಂದು ಬದಲಾವಣೆಯಾಗಿದೆ. ಅವನು ಕೂಸಾಗಿದ್ದಾಗ ನನ್ನ ತಾಯಿ ಬಚ್ಚಲುಮನೆಯಲ್ಲಿ ಕಾಲು ನೀಡಿ ಕುಳಿತು, ಕಾಲ ಮೇಲೆ ಅವನನ್ನು ಮಲಗಿಸಿ, ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ಯುತ್ತಿದ್ದರು. ಕಾಲಿನ ಬಿಗಿತವನ್ನು ಮೊದಲು ಕಂಡದ್ದೂ ಅವರ ಕೈಯೇ. ಆ ಆರು ದಿನಗಳ ಬಳಿಕ ಅವನು ಬಚ್ಚಲುಮನೆಗೆ ಬರುವುದನ್ನೇ ಬಿಟ್ಟಿದ್ದ. ಈಗ ಭಾನುವಾರ ಮತ್ತೆ ಹಂಡೆಗೆ ಬೆಂಕಿ ಹಾಕುತ್ತಾರೆ. ದೊಡ್ಡ ಟಬ್ಬಿನಲ್ಲಿ ಅವನನ್ನು ಕೂರಿಸಿ ಒಂದು ಸಣ್ಣ ಚೆಂಡು ಕೊಡುತ್ತಾರೆ. ಅವನದನ್ನು ಎರಡೂ ಕೈಯಿಂದ ನೀರೊಳಗೆ ಅದುಮುತ್ತಾನೆ, ಅದು ಜಾರಿ ಮೇಲಕ್ಕೆ ಹಾರುತ್ತದೆ, ಅಜ್ಜಿಯ ಮುಖಕ್ಕೆಲ್ಲ ನೀರು. ಬಲಗೈ ಎಡಗೈ ಎಂದು ಅವರು ನೋಡುವುದಿಲ್ಲ.

ಕಳೆದ ಶನಿವಾರ ಕೊಳದಲ್ಲಿ ಆ ಹುಡುಗಿ ಅವನನ್ನು ಬೆನ್ನ ಮೇಲೆ ತೇಲಿಸಿದ್ದಳು. ತಲೆಯ ಕೆಳಗೆ ಒಂದು ಕೈ ಮಾತ್ರ. ಮಾತಾಡುತ್ತಾ ಮಾತಾಡುತ್ತಾ ಆ ಕೈಯನ್ನು ಒಂದು ಬೆರಳಿಗೆ ಇಳಿಸಿದಳು. ಆಮೇಲೆ ಆ ಬೆರಳನ್ನೂ ತೆಗೆದಳು. ಅವನು ಬಲಕ್ಕೆ ವಾಲತೊಡಗಿದ. ನಿಧಾನವಾಗಿ ತಲೆಯನ್ನು ಎಡಕ್ಕೆ ತಿರುಗಿಸಿದ, ಮೈ ಮತ್ತೆ ಸಮಕ್ಕೆ ಬಂತು. ಮೂರೋ ನಾಲ್ಕೋ ಸೆಕೆಂಡು, ಯಾರೂ ಮುಟ್ಟದೆ, ಅವನು ಹಾಗೇ ತೇಲುತ್ತಾ ಮೇಲಿನ ಟ್ಯೂಬ್‌ಲೈಟ್ ನೋಡುತ್ತಿದ್ದ.

ದಂಡೆಯಿಂದ ನನ್ನ ತಾಯಿ ಕುರ್ಚಿ ಬಿಟ್ಟು ಎದ್ದು ಕೂಗಿದರು: “ಬಿಡ್ಬೇಡ ಮಗಾ, ಬಿಡ್ಬೇಡ!”